ಒಂದೇ ವಿಡಿಯೋ, ಬೇರೆ ಬೇರೆ ಗಣಕಯಂತ್ರ: ಚಿತ್ರದ ಗುಣಮಟ್ಟವನ್ನು ಹೋಲಿಸುವ ಕ್ರಮ

(ಗ್ರಾಮ ಪಂಚಾಯತಿಗಳ ಡಾಟಾ ಎಂಟ್ರಿ ಆಪರೇಟರುಗಳು, ಅರಿವು ಕೇಂದ್ರಗಳ ಮೇಲ್ವಿಚಾರಕರು ಹಾಗೂ ತಾಲ್ಲೂಕು ಪಂಚಾಯತಿಗಳ ಸಿಬ್ಬಂದಿಗಾಗಿ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ವಿಂಡೋಸ್ 10 ವ್ಯವಸ್ಥೆಗೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಎಲ್ಲ ಯಂತ್ರಗಳಲ್ಲಿಯೂ ನೆಲೆಗೊಳ್ಳುವುದಿಲ್ಲ. ಇಂಟೆಲ್ ಸಂಸ್ಕಾರಕವಿರುವ ಯಂತ್ರವಾದರೆ ಅದು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಇರಬೇಕು. ಹೀಗಾಗಿ ಇಂದಿಗೂ ಸುಸ್ಥಿತಿಯಲ್ಲಿರುವ ಅನೇಕ ಹಳೆಯ ಗಣಕಯಂತ್ರಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳು ಉಳಿದಿವೆ. ಒಂದು, ಅವುಗಳನ್ನು ವಿಲೇವಾರಿ ಮಾಡಿ ಹೊಸತನ್ನು ಖರೀದಿಸುವುದು. ಇನ್ನೊಂದು, ಅವುಗಳಲ್ಲಿ ಲಿನಕ್ಸ್ ಅಳವಡಿಸಿ ಬಳಕೆಯನ್ನು ಮುಂದುವರಿಸುವುದು.

ಎರಡನೆಯ ದಾರಿಯ ಪ್ರಸ್ತಾಪ ಬಂದೊಡನೆ ಕೇಳಿಬರುವ ಮೊದಲ ಆಕ್ಷೇಪಣೆ ಬೆರಳಚ್ಚಿನ ಬಗ್ಗೆ ಅಲ್ಲ, ಮುದ್ರಣದ ಬಗ್ಗೆಯೂ ಅಲ್ಲ. "ಅದರಲ್ಲಿ ವಿಡಿಯೋ ಚೆನ್ನಾಗಿ ಕಾಣುವುದಿಲ್ಲ" ಎಂಬುದೇ ಆ ಮಾತು. ಅರಿವು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪಾಠವನ್ನು ನೋಡುವ ವಿದ್ಯಾರ್ಥಿ, ಪಂಚಾಯತಿ ಸಭಾಂಗಣದಲ್ಲಿ ತರಬೇತಿಯ ಚಿತ್ರವನ್ನು ನೋಡುವ ಸ್ವಸಹಾಯ ಸಂಘದ ಸದಸ್ಯೆ, ಇವರಿಬ್ಬರಿಗೂ ವಿಡಿಯೋ ಮುಖ್ಯವೇ. ಆದುದರಿಂದ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷಿಸದೆ ಒಪ್ಪುವಂತೆಯೂ ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಮೂರು ವ್ಯವಸ್ಥೆಗಳಲ್ಲಿ ಒಂದೇ ವಿಡಿಯೋ ಏಕೆ ಬೇರೆಯಾಗಿ ಕಾಣುತ್ತದೆ, ಅದನ್ನು ನ್ಯಾಯವಾಗಿ ಹೋಲಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

1. ಚಿತ್ರವು ಕಡತದಿಂದ ಕಣ್ಣಿನವರೆಗೆ ಬರುವ ದಾರಿ

ಪೂರ್ಣ ಎಚ್‌ಡಿ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಸೆಕೆಂಡಿಗೆ 25 ಚಿತ್ರಗಳಂತೆ ಅದನ್ನು ಅಡಕಗೊಳಿಸದೆ ಇರಿಸಿದರೆ, ಬಣ್ಣದ ವಿವರವನ್ನು ರೂಢಿಯಂತೆ ಕಡಿತಗೊಳಿಸಿದ ಮೇಲೂ, ಪ್ರತಿ ಸೆಕೆಂಡಿಗೆ ಸುಮಾರು 78 ಮೆಗಾಬೈಟ್ ಬೇಕು. ಒಂದು ಗಂಟೆಗೆ ಸುಮಾರು 280 ಗಿಗಾಬೈಟ್. ಸಾಮಾನ್ಯ ಪೆನ್‌ಡ್ರೈವ್ ಈ ಭಾರವನ್ನು ಹೊರಲಾರದು. ಆದುದರಿಂದ ವಿಡಿಯೋವನ್ನು ಅಡಕಗೊಳಿಸಿಯೇ ಉಳಿಸುತ್ತಾರೆ. ಅದನ್ನು ಪ್ರದರ್ಶಿಸುವಾಗ ಐದು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ಅಡಕವನ್ನು ಬಿಚ್ಚುವುದು ಮೊದಲನೆಯದು. ಬಿಚ್ಚಿದ ಸಂಖ್ಯೆಗಳನ್ನು ಪರದೆಯ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಪರಿವರ್ತಿಸುವುದು ಎರಡನೆಯದು. ಪರದೆಯ ಅಳತೆಗೆ ಚಿತ್ರವನ್ನು ಹಿಗ್ಗಿಸುವುದು ಅಥವಾ ಕುಗ್ಗಿಸುವುದು ಮೂರನೆಯದು. ಸರಿಯಾದ ಕ್ಷಣದಲ್ಲಿ ಪ್ರತಿ ಚಿತ್ರವನ್ನೂ ಪರದೆಗೆ ಒಪ್ಪಿಸುವುದು ನಾಲ್ಕನೆಯದು. ಪರದೆಯು ಅದನ್ನು ಬೆಳಕಾಗಿ ತೋರಿಸುವುದು ಐದನೆಯದು.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮಗೆಲ್ಲ ಗೊತ್ತಿದೆ. ಈ ವಿಷಯದಲ್ಲಿ ಎಷ್ಟೋ ಸಲ ನೆಲವೇ ನಿಜವಾಗಿ ಡೊಂಕಾಗಿರುತ್ತದೆ. ನಾವು ಕುಣಿಯುವವಳನ್ನು ದೂರುತ್ತೇವೆ. ಐದು ಮೆಟ್ಟಿಲುಗಳಲ್ಲಿ ಯಾವುದು ಸಡಿಲವಾಗಿದೆ ಎಂದು ಗುರುತಿಸದೆ, ಇಡೀ ಕಾರ್ಯಾಚರಣಾ ವ್ಯವಸ್ಥೆಯನ್ನೇ ಕಳಪೆ ಎನ್ನುವುದು ಸರಿಯಲ್ಲ.

2. ಬಿಚ್ಚುವ ಕೆಲಸದಲ್ಲಿ ವ್ಯತ್ಯಾಸವಿಲ್ಲ

ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಅಡಕ ವಿಧಾನ ಎಚ್.264. ಅದರ ಮಾನದಂಡ 2003ರಲ್ಲಿ ಪ್ರಕಟವಾಯಿತು. ಅದಕ್ಕಿಂತ ಹಿಂದಿನ ಎಂಪೆಗ್-2 ವಿಧಾನದಲ್ಲಿ ಡಿಕೋಡರುಗಳ ನಡುವೆ ಲೆಕ್ಕಾಚಾರದ ಅಲ್ಪ ವ್ಯತ್ಯಾಸಕ್ಕೆ ಅವಕಾಶವಿತ್ತು. ಎಚ್.264ರಲ್ಲಿ ಅದಕ್ಕೆ ಎಡೆಯಿಲ್ಲ. ಲೆಕ್ಕವೆಲ್ಲ ಪೂರ್ಣಾಂಕಗಳಲ್ಲಿ ನಡೆಯುತ್ತದೆ. ಮಾನದಂಡಕ್ಕೆ ಬದ್ಧವಾದ ಯಾವ ಡಿಕೋಡರ್ ಆದರೂ ಒಂದೇ ಕಡತದಿಂದ ಕೊನೆಯ ಬಿಂದುವಿನವರೆಗೂ ಒಂದೇ ಉತ್ತರವನ್ನು ಕೊಡಬೇಕು. 2013ರಲ್ಲಿ ಬಂದ ಎಚ್.265ಕ್ಕೂ ಇದೇ ನಿಯಮ.

ಇನ್ನೊಂದು ಸಂಗತಿಯನ್ನೂ ತಾವು ಗಮನಿಸಬೇಕು. ವಿಎಲ್‌ಸಿ ಎಂಬ ಪ್ಲೇಯರ್ ಫ್ರಾನ್ಸಿನ ಎಕೋಲ್ ಸೆಂತ್ರಾಲ್ ಪ್ಯಾರಿಸ್ ವಿದ್ಯಾಸಂಸ್ಥೆಯಲ್ಲಿ 1996ರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭವಾಗಿ, 2001ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾಯಿತು. ಅದು ಮೂರೂ ವ್ಯವಸ್ಥೆಗಳಲ್ಲಿ ದೊರೆಯುತ್ತದೆ. ಎಂಪಿವಿ ಎಂಬುದು ಇನ್ನೊಂದು ಮುಕ್ತ ಪ್ಲೇಯರ್. ಇವೆರಡೂ ತಂತ್ರಾಂಶದ ಮೂಲಕ ಅಡಕ ಬಿಚ್ಚುವಾಗ ಬಹುಮಟ್ಟಿಗೆ ಅವಲಂಬಿಸುವುದು ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಯೋಜನೆಯ ಲಿಬ್‌ಎವಿಕೋಡೆಕ್ ಎಂಬ ಸಂಗ್ರಹವನ್ನು. ವಿಂಡೋಸಿನ ವಿಎಲ್‌ಸಿಯನ್ನು ಲಿನಕ್ಸಿನ ಎಂಪಿವಿಯೊಂದಿಗೆ ಹೋಲಿಸಿ "ಒಂದು ಸ್ಪಷ್ಟ, ಇನ್ನೊಂದು ಮಸುಕು" ಎನ್ನುವವರು ಅನೇಕ ವೇಳೆ ಒಂದೇ ಡಿಕೋಡರನ್ನು ಎರಡು ಹೆಸರಿನಲ್ಲಿ ನೋಡುತ್ತಿರುತ್ತಾರೆ. ವ್ಯತ್ಯಾಸ ನಿಜವಾಗಿಯೂ ಇದ್ದರೆ, ಅದು ಮುಂದಿನ ಮೆಟ್ಟಿಲುಗಳಲ್ಲಿ ಇರಬೇಕು.

3. ವೇಗ ಮತ್ತು ತಡವರಿಕೆ

ಬಿಚ್ಚಿದ ಚಿತ್ರ ಒಂದೇ ಆದರೂ, ಅದು ಸಕಾಲದಲ್ಲಿ ಸಿದ್ಧವಾಗಬೇಕು. ಸಿದ್ಧವಾಗದಿದ್ದರೆ ಪ್ಲೇಯರ್ ಕೆಲವು ಚಿತ್ರಗಳನ್ನು ಕೈಬಿಡುತ್ತದೆ. ನಮಗೆ ಅದು ತಡವರಿಕೆಯಾಗಿ ಕಾಣುತ್ತದೆ. ಗ್ರಾಫಿಕ್ಸ್ ಭಾಗದಲ್ಲಿ ಇದಕ್ಕೆಂದೇ ಮೀಸಲಾದ ಯಂತ್ರಾಂಶವಿರುತ್ತದೆ. ವಿಂಡೋಸಿನಲ್ಲಿ ಡಿಎಕ್ಸ್‌ವಿಎ, ಮ್ಯಾಕ್‌ನಲ್ಲಿ ವಿಡಿಯೋಟೂಲ್‌ಬಾಕ್ಸ್, ಲಿನಕ್ಸಿನಲ್ಲಿ ವಿಎ-ಎಪಿಐ ಎಂಬ ಹೆಸರಿನ ಸೇತುವೆಗಳ ಮೂಲಕ ಪ್ಲೇಯರ್ ಅದನ್ನು ಬಳಸಿಕೊಳ್ಳುತ್ತದೆ. ಸೇತುವೆ ಸರಿಯಿದ್ದರೆ ಹಳೆಯ ಯಂತ್ರವೂ ನಿರಾಯಾಸವಾಗಿ ಎಚ್‌ಡಿ ತೋರಿಸುತ್ತದೆ. ಸೇತುವೆ ಇಲ್ಲದಿದ್ದರೆ ಮುಖ್ಯ ಸಂಸ್ಕಾರಕವೇ ಎಲ್ಲ ಭಾರವನ್ನೂ ಹೊರುತ್ತದೆ; ಯಂತ್ರ ಬಿಸಿಯಾಗುತ್ತದೆ, ಫ್ಯಾನ್ ಸದ್ದು ಮಾಡುತ್ತದೆ, ಚಿತ್ರ ಜಿಗಿಯುತ್ತದೆ.

ಯಾವ ಯಂತ್ರ ಯಾವುದನ್ನು ಬಿಚ್ಚಬಲ್ಲದು ಎಂಬುದು ಅದರ ಪೀಳಿಗೆಯನ್ನು ಅವಲಂಬಿಸಿದೆ. ಇಂಟೆಲ್ ಯಂತ್ರಗಳನ್ನೇ ತೆಗೆದುಕೊಂಡರೆ, 2011ರ ಎರಡನೆಯ ಪೀಳಿಗೆಯವೂ ಎಚ್.264 ಅನ್ನು ಯಂತ್ರಾಂಶದಲ್ಲಿ ಬಿಚ್ಚುತ್ತವೆ. ಎಂಟು ಬಿಟ್‌ಗಳ ಎಚ್.265ಕ್ಕೆ ಪೂರ್ಣ ಯಂತ್ರಾಂಶ ನೆರವು 2015ರ ಆರನೆಯ ಪೀಳಿಗೆಯಲ್ಲಿ ಬಂದಿತು. ಹತ್ತು ಬಿಟ್‌ಗಳ ಎಚ್.265 ಮತ್ತು ಯೂಟ್ಯೂಬ್ ಬಹಳವಾಗಿ ಬಳಸುವ ವಿಪಿ9ಕ್ಕೆ ಏಳನೆಯ ಪೀಳಿಗೆ ಬೇಕು. 2018ರಲ್ಲಿ ರೂಪುಗೊಂಡ ಎವಿ1ಕ್ಕೆ 2020ರ ಹನ್ನೊಂದನೆಯ ಪೀಳಿಗೆ ಬೇಕು. ನಾಲ್ಕನೆಯ ಪೀಳಿಗೆಯ ಯಂತ್ರದಲ್ಲಿ ವಿಪಿ9 ವಿಡಿಯೋ ತಡವರಿಸಿದರೆ ಅದು ಲಿನಕ್ಸಿನ ದೋಷವೂ ಅಲ್ಲ, ವಿಂಡೋಸಿನ ದೋಷವೂ ಅಲ್ಲ. ಅದೇ ಪಾಠವನ್ನು ಎಚ್.264ರಲ್ಲಿ, 720 ಸಾಲುಗಳ ಅಳತೆಯಲ್ಲಿ ಒದಗಿಸಿದರೆ ಅದೇ ಯಂತ್ರ ಸಲೀಸಾಗಿ ತೋರಿಸುತ್ತದೆ.

ಇಲ್ಲಿ ವ್ಯವಸ್ಥೆಗಳ ನಡುವೆ ನಿಜವಾದ ಕೆಲವು ಭೇದಗಳಿವೆ, ಅವನ್ನು ಮುಚ್ಚಿಡಬಾರದು. ವಿಂಡೋಸಿನೊಂದಿಗೆ ಬರುವ ಪ್ಲೇಯರಿನಲ್ಲಿ ಎಚ್.265 ನೋಡಲು ಅನೇಕ ಯಂತ್ರಗಳಲ್ಲಿ ಸಣ್ಣ ಮೊತ್ತ ತೆತ್ತು ಪ್ರತ್ಯೇಕ ವಿಸ್ತರಣೆಯನ್ನು ಪಡೆಯಬೇಕಾಗುತ್ತದೆ. ವಿಎಲ್‌ಸಿ ತನ್ನದೇ ಡಿಕೋಡರನ್ನು ಹೊತ್ತು ತರುವುದರಿಂದ ಆ ತೊಡಕಿಲ್ಲ. ಲಿನಕ್ಸಿನ ಕೆಲವು ವಿತರಣೆಗಳು ಪೇಟೆಂಟ್ ಕಾರಣದಿಂದ ಎಚ್.264 ಮತ್ತು ಎಚ್.265ರ ಯಂತ್ರಾಂಶ ನೆರವನ್ನು ಮೂಲ ಪೊಟ್ಟಣದಲ್ಲಿ ಕೊಡುವುದಿಲ್ಲ. ಫೆಡೋರಾ 2022ರಲ್ಲಿ ಅದನ್ನು ತೆಗೆದುಹಾಕಿತು. ಬಳಕೆದಾರರೇ ಬೇರೆ ಭಂಡಾರದಿಂದ ಸೇರಿಸಿಕೊಳ್ಳಬೇಕು. ಬ್ರೌಸರಿನೊಳಗೆ ನೋಡುವಾಗಲೂ ಹೀಗೆಯೇ: ಇಂಟೆಲ್ ಗ್ರಾಫಿಕ್ಸ್ ಇರುವ ಲಿನಕ್ಸ್ ಯಂತ್ರಗಳಲ್ಲಿ ಫೈರ್‌ಫಾಕ್ಸ್ ಈ ನೆರವನ್ನು ತಾನಾಗಿಯೇ ಬಳಸತೊಡಗಿದ್ದು 2023ರ 115ನೆಯ ಆವೃತ್ತಿಯಿಂದ. ಹಳೆಯ ಆವೃತ್ತಿಯಲ್ಲಿ ನೋಡಿ ತಡವರಿಕೆ ಕಂಡವರು ಸುಳ್ಳು ಹೇಳಿರಲಿಲ್ಲ. ಆದರೆ ಆ ತೀರ್ಪನ್ನು ಇಂದಿಗೂ ಜಾರಿಯಲ್ಲಿಡುವುದು ಸಲ್ಲದು.

4. ಬಣ್ಣ: ಹೆಚ್ಚಿನ ದೂರುಗಳ ಮೂಲ

"ಕಪ್ಪು ಕಪ್ಪಾಗಿಲ್ಲ, ಬೂದಿ ಬಳಿದಂತಿದೆ" ಎಂಬುದು ಸಾಮಾನ್ಯ ದೂರು. ಇದರ ಮೂಲ ಬಹುತೇಕ ಒಂದೇ. ವಿಡಿಯೋ ಕಡತಗಳಲ್ಲಿ ಕಪ್ಪನ್ನು 16 ಎಂದೂ ಬಿಳಿಯನ್ನು 235 ಎಂದೂ ಬರೆಯುವುದು ರೂಢಿ. ಗಣಕಯಂತ್ರದ ಪರದೆಗೆ ಕಪ್ಪು ಎಂದರೆ 0, ಬಿಳಿ ಎಂದರೆ 255. ಎಲ್ಲೋ ಒಂದೆಡೆ ಈ ಹಿಗ್ಗಿಸುವಿಕೆ ತಪ್ಪಿದರೆ ಕಪ್ಪು ಬೂದಿಯಾಗುತ್ತದೆ, ಬಿಳಿ ಮಂಕಾಗುತ್ತದೆ. ಎರಡು ಸಲ ನಡೆದರೆ ನೆರಳಿನ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಎಚ್‌ಡಿಎಂಐ ತಂತಿಯ ಮೂಲಕ ದೂರದರ್ಶಕಕ್ಕೆ ಜೋಡಿಸಿದಾಗ ಈ ತೊಂದರೆ ಹೆಚ್ಚು. ಯಂತ್ರ ಒಂದು ವ್ಯಾಪ್ತಿಯಲ್ಲಿ ಕಳುಹಿಸುತ್ತದೆ, ದೂರದರ್ಶಕ ಇನ್ನೊಂದನ್ನು ನಿರೀಕ್ಷಿಸುತ್ತದೆ. ಮೂರೂ ವ್ಯವಸ್ಥೆಗಳಲ್ಲಿ ಇದು ಸಂಭವಿಸಬಹುದು. ಗ್ರಾಫಿಕ್ಸ್ ಚಾಲಕದ ಅಥವಾ ದೂರದರ್ಶಕದ ಹೊಂದಿಕೆಯನ್ನು ಬದಲಿಸಿದರೆ ಸರಿಹೋಗುತ್ತದೆ.

ಎರಡನೆಯದು ಬಣ್ಣದ ಸೂತ್ರ. ಹಳೆಯ ಸಾಮಾನ್ಯ ದೂರದರ್ಶನ ಚಿತ್ರಕ್ಕೆ ಬಿಟಿ.601, ಎಚ್‌ಡಿ ಚಿತ್ರಕ್ಕೆ ಬಿಟಿ.709 ಎಂಬ ಬೇರೆ ಬೇರೆ ಸೂತ್ರಗಳಿವೆ. ಯಾವುದನ್ನು ಬಳಸಬೇಕೆಂದು ಕಡತದಲ್ಲಿ ಗುರುತು ಇಲ್ಲದಿದ್ದರೆ ಪ್ಲೇಯರ್ ಚಿತ್ರದ ಅಳತೆ ನೋಡಿ ಊಹಿಸುತ್ತದೆ. ಊಹೆ ತಪ್ಪಿದರೆ ಚರ್ಮದ ಬಣ್ಣ, ಪೈರಿನ ಹಸಿರು ತುಸು ಸರಿದು ಕಾಣುತ್ತವೆ. ಬೆಳೆರೋಗದ ಬಗ್ಗೆ ಕೃಷಿ ಇಲಾಖೆಯ ಚಿತ್ರವೊಂದನ್ನು ತೋರಿಸುವಾಗ ಎಲೆಯ ಹಳದಿ ಛಾಯೆಯೇ ಪಾಠವಾಗಿರುತ್ತದೆ. ಅಲ್ಲಿ ಈ ಸರಿತ ಅಲಕ್ಷಿಸುವಂಥದಲ್ಲ.

ಮ್ಯಾಕ್‌ನ ಬಗ್ಗೆ ಒಂದು ಮಾತು. 2009ರಲ್ಲಿ ಬಂದ ಸ್ನೋ ಲೆಪರ್ಡ್ ಆವೃತ್ತಿಗೆ ಮುನ್ನ ಮ್ಯಾಕ್ ಪರದೆಗಳು 1.8 ಎಂಬ ಗಾಮಾ ಮೌಲ್ಯವನ್ನು ರೂಢಿಯಾಗಿ ಬಳಸುತ್ತಿದ್ದವು. ಇತರ ಗಣಕಯಂತ್ರಗಳಲ್ಲಿ ಅದು 2.2 ಆಗಿತ್ತು. ಒಂದೇ ಚಿತ್ರ ಅಲ್ಲಿ ತಿಳಿಯಾಗಿ, ಇಲ್ಲಿ ಗಾಢವಾಗಿ ಕಾಣುತ್ತಿತ್ತು. ಈಗ ಮ್ಯಾಕ್ ಕೂಡ 2.2 ಅನ್ನೇ ಬಳಸುತ್ತದೆ. ಆದರೆ ಅಲ್ಲಿ ಇಡೀ ವ್ಯವಸ್ಥೆಯೇ ಬಣ್ಣವನ್ನು ನಿರ್ವಹಿಸುವುದರಿಂದ, ಕ್ವಿಕ್‌ಟೈಮ್ ಪ್ಲೇಯರಿನಲ್ಲಿ ಮಧ್ಯದ ಛಾಯೆಗಳು ವಿಎಲ್‌ಸಿಗಿಂತ ತುಸು ತಿಳಿಯಾಗಿ ಕಾಣುವುದುಂಟು. ಅಲ್ಲಿಯೂ ಡಿಕೋಡರಿನ ಉತ್ತರ ಒಂದೇ. ಅದನ್ನು ಬೆಳಕಾಗಿಸುವ ಸೂತ್ರ ಮಾತ್ರ ಬೇರೆ.

ಇತ್ತೀಚಿನ ಕೆಲವು ಮೊಬೈಲ್ ಫೋನುಗಳು ಎಚ್‌ಡಿಆರ್ ಎಂಬ ವಿಸ್ತೃತ ಬೆಳಕಿನ ವ್ಯಾಪ್ತಿಯಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಸಾಮಾನ್ಯ ಪರದೆಗೆ ತಕ್ಕಂತೆ ಇಳಿಸಿ ತೋರಿಸುವ ಶಕ್ತಿ ಪ್ಲೇಯರಿಗಿರಬೇಕು. ಇಲ್ಲದಿದ್ದರೆ ಗ್ರಾಮಸಭೆಯ ಚಿತ್ರಣವೆಲ್ಲ ಒಗೆದು ಬಿಳಿಚಿಕೊಂಡ ಬಟ್ಟೆಯಂತೆ ಕಾಣುತ್ತದೆ. ಚಿತ್ರೀಕರಿಸುವವರು ಫೋನಿನಲ್ಲಿಯೇ ಎಚ್‌ಡಿಆರ್ ಅನ್ನು ನಿಲ್ಲಿಸಿದರೆ ಈ ತೊಡಕು ಬುಡದಲ್ಲಿಯೇ ತಪ್ಪುತ್ತದೆ.

5. ಚಲನೆ: 25 ಮತ್ತು 60ರ ಲೆಕ್ಕ

ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದಕ್ಕೆ ಹೊಂದುವಂತೆ ನಮ್ಮ ದೂರದರ್ಶನ ಪ್ರಸಾರವು ಸೆಕೆಂಡಿಗೆ 25 ಚಿತ್ರಗಳ ಕ್ರಮವನ್ನು ಅನುಸರಿಸಿತು. ಗಣಕಯಂತ್ರದ ಪರದೆಗಳಾದರೋ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಹೊಸದಾಗುತ್ತವೆ. 60 ಅನ್ನು 25ರಿಂದ ಭಾಗಿಸಿದರೆ 2.4 ಬರುತ್ತದೆ, ಪೂರ್ಣ ಸಂಖ್ಯೆ ಬರುವುದಿಲ್ಲ. ಆದುದರಿಂದ ಕೆಲವು ಚಿತ್ರಗಳು ಎರಡು ಸರದಿ, ಕೆಲವು ಮೂರು ಸರದಿ ಪರದೆಯ ಮೇಲೆ ನಿಲ್ಲುತ್ತವೆ. ಕ್ಯಾಮೆರಾ ನಿಧಾನವಾಗಿ ಅಡ್ಡಡ್ಡ ಚಲಿಸುವ ದೃಶ್ಯದಲ್ಲಿ, ಕೆಳಗೆ ಹರಿಯುವ ಅಕ್ಷರಸಾಲಿನಲ್ಲಿ ಈ ಏರುಪೇರು ಸಣ್ಣ ಅದುರಾಗಿ ಕಾಣುತ್ತದೆ. ಇದು ಪ್ಲೇಯರಿನ ದೋಷವಲ್ಲ, ಲೆಕ್ಕದ ಫಲ. ಪರದೆಯು 50 ಹರ್ಟ್ಸ್ ಅನ್ನು ಒಪ್ಪುವುದಾದರೆ (ಅನೇಕ ದೂರದರ್ಶಕಗಳು ಒಪ್ಪುತ್ತವೆ) ಪ್ರದರ್ಶನದ ಸಮಯದಲ್ಲಿ ಅದಕ್ಕೆ ಬದಲಿಸಿಕೊಂಡರೆ ಪ್ರತಿ ಚಿತ್ರವೂ ಸರಿಯಾಗಿ ಎರಡು ಸರದಿ ನಿಂತು, ಅದುರು ಮಾಯವಾಗುತ್ತದೆ.

ಹಳೆಯ ಡಿವಿಡಿಗಳಲ್ಲಿರುವ ತರಬೇತಿ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಎಷ್ಟೋ ಚಿತ್ರಗಳು ಸಾಲು ಬಿಟ್ಟು ಸಾಲು ದಾಖಲಾದವು: ಒಮ್ಮೆ ಬೆಸ ಸಾಲುಗಳು, ಮರುಕ್ಷಣ ಸಮ ಸಾಲುಗಳು. ಅವೆರಡನ್ನೂ ಒಟ್ಟಿಗೆ ತೋರಿಸಿದರೆ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಇದನ್ನು ಸರಿಪಡಿಸುವ ಕ್ರಿಯೆಗೆ ಡಿಇಂಟರ್ಲೇಸಿಂಗ್ ಎಂದು ಹೆಸರು. ಒಂದು ಪ್ಲೇಯರ್ ಇದನ್ನು ತಾನಾಗಿಯೇ ಮಾಡಿ, ಇನ್ನೊಂದು ಮಾಡದಿದ್ದರೆ ಎರಡನೆಯದು ಕೆಟ್ಟದೆಂದು ಕಾಣುವುದು ಸಹಜ. ವಿಎಲ್‌ಸಿಯ ವಿಡಿಯೋ ಪಟ್ಟಿಯಲ್ಲಿ ಇದರ ಆಯ್ಕೆಯಿದೆ. ಅದರಲ್ಲಿ ಯಾಡಿಫ್ ಎಂಬ ವಿಧಾನವನ್ನು ಆರಿಸಿದರೆ ಬಾಚಣಿಗೆಯ ಹಲ್ಲು ಮರೆಯಾಗುತ್ತದೆ.

ಧ್ವನಿಯೂ ಚಲನೆಯ ಭಾಗವೇ. ತುಟಿಗಿಂತ ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ, ಅಥವಾ ಸುಮಾರು 125 ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಅದು ಗೊತ್ತಾಗತೊಡಗುತ್ತದೆ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ನೀಡಿರುವ ಅಳತೆ. ಬ್ಲೂಟೂತ್ ಸ್ಪೀಕರುಗಳಲ್ಲಿ ಧ್ವನಿ ಹಿಂದುಳಿಯುವುದುಂಟು. ವಿಂಡೋಸ್ ಮತ್ತು ಲಿನಕ್ಸಿನ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳನ್ನು ಒತ್ತಿ ಅದನ್ನು ಹೊಂದಿಸಬಹುದು.

6. ಅಳತೆ ಮತ್ತು ಪರದೆ

720ಕ್ಕೆ 576 ಬಿಂದುಗಳ ಹಳೆಯ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸಿದಾಗ ಇಲ್ಲದ ಬಿಂದುಗಳನ್ನು ಪ್ಲೇಯರೇ ಅಂದಾಜಿನಿಂದ ತುಂಬಬೇಕು. ಸರಳ ವಿಧಾನ ಚಿತ್ರವನ್ನು ಮೃದುವಾಗಿಸುತ್ತದೆ. ಲಾಂಕ್ಸೋಸ್‌ನಂಥ ವಿಧಾನ ಅಂಚುಗಳನ್ನು ಚೂಪಾಗಿಸುತ್ತದೆ. ಇಲ್ಲಿ ಪ್ಲೇಯರುಗಳ ನಡುವೆ ನಿಜವಾದ ವ್ಯತ್ಯಾಸವಿದೆ, ಎಂಪಿವಿ ಹೆಚ್ಚು ಆಯ್ಕೆಗಳನ್ನು ಕೊಡುತ್ತದೆ. ಆದರೆ ಚೂಪಾಗಿ ಕಂಡದ್ದೆಲ್ಲ ನಿಜವಾದ ವಿವರವಲ್ಲ ಎಂಬುದು ನೆನಪಿರಲಿ.

ಪರದೆಯ ಪಾತ್ರ ಇನ್ನೂ ದೊಡ್ಡದು. ಕಡಿಮೆ ಬೆಲೆಯ ಕೆಲವು ಪರದೆಗಳಲ್ಲಿ ಕುಳಿತ ಕೋನ ಬದಲಾದರೆ ಬಣ್ಣವೇ ಬದಲಾಗುತ್ತದೆ. ದೂರದರ್ಶಕಗಳು ಚಿತ್ರದ ಅಂಚನ್ನು ಕತ್ತರಿಸಬಹುದು, ಬಣ್ಣವನ್ನು ತಾವೇ ಢಾಳಾಗಿಸಬಹುದು, ನಡುವೆ ಕಲ್ಪಿತ ಚಿತ್ರಗಳನ್ನು ಸೇರಿಸಬಹುದು. ಎರಡು ಬೇರೆ ಪರದೆಗಳ ಮೇಲೆ ಎರಡು ವ್ಯವಸ್ಥೆಗಳನ್ನು ಓಡಿಸಿ ಹೋಲಿಸುವುದು ಎರಡು ತಕ್ಕಡಿಗಳಲ್ಲಿ ತೂಗಿ ಧಾನ್ಯವನ್ನು ದೂರಿದಂತೆ.

7. ಕನ್ನಡ ಉಪಶೀರ್ಷಿಕೆ

ಗುಣಮಟ್ಟದ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬಾರದ, ಆದರೆ ನಮಗೆ ಅತ್ಯಂತ ಅಗತ್ಯವಾದ ವಿಷಯವಿದು. ಕಿವಿ ಕೇಳದ ಒಬ್ಬ ವೀಕ್ಷಕರಿಗೆ ಚಿತ್ರದ ಕೆಳಗಿನ ಅಕ್ಷರವೇ ಧ್ವನಿ. ಆ ಅಕ್ಷರ ಒಡೆದರೆ, ಬಿಂದು ಎಷ್ಟು ಸ್ಪಷ್ಟವಿದ್ದರೂ ಪ್ರಯೋಜನವಿಲ್ಲ.

ಕನ್ನಡದಲ್ಲಿ ಒತ್ತಕ್ಷರ, ಗುಣಿತಗಳು ತಮ್ಮ ಸ್ಥಾನಕ್ಕೆ ತಾವು ಕೂರಬೇಕಾದರೆ ಅಕ್ಷರ ಜೋಡಿಸುವ ಒಂದು ಯಂತ್ರ ಬೇಕು. ಮುಕ್ತ ತಂತ್ರಾಂಶಗಳಲ್ಲಿ ಹಾರ್ಫ್‌ಬಜ್ ಎಂಬುದು ಆ ಕೆಲಸ ಮಾಡುತ್ತದೆ. ಅದಿಲ್ಲದ ಹಳೆಯ ಆವೃತ್ತಿಗಳಲ್ಲಿ "ಸ್ವಚ್ಛತೆ" ಎಂಬ ಪದದ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತವೆ. ಪ್ಲೇಯರನ್ನು ಹೊಸ ಆವೃತ್ತಿಗೆ ಏರಿಸುವುದು ಮೊದಲ ಪರಿಹಾರ. ಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಇದೆಯೇ ಎಂದು ನೋಡುವುದು ಎರಡನೆಯದು. ವಿಂಡೋಸಿನಲ್ಲಿ ತುಂಗಾ ಮತ್ತು ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಲಿನಕ್ಸಿನಲ್ಲಿ ಲೋಹಿತ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಈ ಕೆಲಸಕ್ಕೆ ಒದಗುತ್ತವೆ. ಉಪಶೀರ್ಷಿಕೆಯ ಕಡತವನ್ನು ಯೂನಿಕೋಡಿನಲ್ಲಿ ಟೈಪಿಸಿ, ಯುಟಿಎಫ್-8 ರೂಪದಲ್ಲಿ ಉಳಿಸುವುದು ಮೂರನೆಯದು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತ ಯಾವ ವ್ಯವಸ್ಥೆಯಲ್ಲಿಯೂ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೇ ಕಾಣುತ್ತದೆ.

ಚಿತ್ರದೊಳಗೇ ಅಚ್ಚಾದ ಅಕ್ಷರಗಳಿಗೂ ಒಂದು ಸೂಚನೆ. ವಿಡಿಯೋದಲ್ಲಿ ಬೆಳಕಿನ ವಿವರ ಪ್ರತಿ ಬಿಂದುವಿಗೂ ಇರುತ್ತದೆ; ಬಣ್ಣದ ವಿವರವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಬಿಂದುಗಳಿಗೆ ಒಂದರಂತೆ ಉಳಿಸುತ್ತಾರೆ. ಆದುದರಿಂದ ಗಾಢ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರದ ಅಂಚು ಎಲ್ಲ ಪ್ಲೇಯರುಗಳಲ್ಲಿಯೂ ಅಲ್ಪಸ್ವಲ್ಪ ಕಲಸಿಕೊಳ್ಳುತ್ತದೆ. ಪಂಚಾಯತಿ ವತಿಯಿಂದ ಚಿತ್ರ ಮಾಡಿಸುವಾಗ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರವನ್ನೇ ಬಳಸುವುದು ಲೇಸು.

8. ಹೋಲಿಕೆಯ ಕ್ರಮ

ಹೋಲಿಕೆಯ ಮೂಲಸೂತ್ರ ಒಂದೇ: ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಈ ಕೆಳಗಿನ ಕ್ರಮವನ್ನು ಯಾವುದೇ ವೆಚ್ಚವಿಲ್ಲದೆ ನಮ್ಮ ಕಚೇರಿಗಳಲ್ಲಿಯೇ ಅನುಸರಿಸಬಹುದು.

(ಅ) ಕಡತ ಒಂದೇ ಇರಲಿ. ವಾಟ್ಸಾಪ್ ಮೂಲಕ ವಿಡಿಯೋವಾಗಿ ಕಳುಹಿಸಿದ ಪ್ರತಿ ಮತ್ತೆ ಅಡಕಗೊಂಡಿರುತ್ತದೆ, ಅದು ಮೂಲವಲ್ಲ. ಪೆನ್‌ಡ್ರೈವಿನಿಂದ ನಕಲಿಸಿ, ಕಡತದ ಗಾತ್ರ ಬೈಟ್‌ವರೆಗೂ ಒಂದೇ ಇದೆಯೇ ಎಂದು ನೋಡಬೇಕು.

(ಆ) ಯಂತ್ರ, ಪರದೆ, ತಂತಿ ಒಂದೇ ಇರಲಿ. ಲಿನಕ್ಸನ್ನು ಅಳವಡಿಸದೆಯೇ ಪೆನ್‌ಡ್ರೈವಿನಿಂದ ಚಾಲನೆ ಮಾಡಿ ನೋಡಬಹುದು. ಲ್ಯಾಪ್‌ಟಾಪ್ ಆದರೆ ಎರಡು ಸಲವೂ ವಿದ್ಯುತ್ ಸಂಪರ್ಕದಲ್ಲಿರಲಿ. ಬ್ಯಾಟರಿ ಉಳಿಸುವ ಹೊಂದಿಕೆಯು ಪರದೆಯ ಬೆಳಕನ್ನು ತಗ್ಗಿಸುತ್ತದೆ.

(ಇ) ಮೊದಲು ಎರಡೂ ಕಡೆ ಒಂದೇ ಪ್ಲೇಯರನ್ನು, ಒಂದೇ ಆವೃತ್ತಿಯನ್ನು ಓಡಿಸಬೇಕು. ಬೇರೆ ಬೇರೆ ಪ್ಲೇಯರುಗಳ ಹೋಲಿಕೆ ಅನಂತರದ ಮಾತು.

(ಈ) ವಿಎಲ್‌ಸಿಯನ್ನು ಒಂದೇ ದೃಶ್ಯದಲ್ಲಿ ನಿಲ್ಲಿಸಿ, ವಿಂಡೋಸ್ ಮತ್ತು ಲಿನಕ್ಸಿನಲ್ಲಿ ಶಿಫ್ಟ್ ಮತ್ತು ಎಸ್ ಕೀಲಿಗಳನ್ನು ಒತ್ತಿ ಸ್ಥಿರಚಿತ್ರ ತೆಗೆಯಬೇಕು. ಎರಡು ಸ್ಥಿರಚಿತ್ರಗಳನ್ನೂ ಒಂದೇ ಯಂತ್ರಕ್ಕೆ ತಂದು ಒಂದರ ಪಕ್ಕ ಒಂದನ್ನಿಟ್ಟು ನೋಡಬೇಕು. ಅವು ಒಂದೇ ಆಗಿ ಕಂಡರೆ ಅಡಕ ಬಿಚ್ಚುವುದರಲ್ಲಿ ದೋಷವಿಲ್ಲ. ದೋಷವನ್ನು ಮುಂದಿನ ಮೆಟ್ಟಿಲುಗಳಾದ ಚಾಲಕ, ತಂತಿ, ಪರದೆಗಳಲ್ಲಿ ಹುಡುಕಬೇಕು.

(ಉ) ತಡವರಿಕೆಯನ್ನು ಕಣ್ಣಂದಾಜಿನಿಂದ ಅಲ್ಲ, ಎಣಿಕೆಯಿಂದ ಹೇಳಬೇಕು. ವಿಎಲ್‌ಸಿಯ ಮಾಧ್ಯಮ ಮಾಹಿತಿಯ ಅಂಕಿಅಂಶ ಪುಟದಲ್ಲಿ ತೋರಿಸಿದ ಮತ್ತು ಕಳೆದುಹೋದ ಚಿತ್ರಗಳ ಸಂಖ್ಯೆ ಇರುತ್ತದೆ. ಎಂಪಿವಿಯಲ್ಲಿ ಐ ಕೀಲಿಯನ್ನು ಒತ್ತಿದರೆ ಸಾಕು. ಯೂಟ್ಯೂಬಿನಲ್ಲಿ ವಿಡಿಯೋದ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಎಂಬುದನ್ನು ಆರಿಸಿದರೆ ಅಡಕದ ವಿಧವೂ ಕೈಬಿಟ್ಟ ಚಿತ್ರಗಳ ಸಂಖ್ಯೆಯೂ ತಿಳಿಯುತ್ತವೆ.

(ಊ) ಕೊನೆಯ ತೀರ್ಪನ್ನು ಬಳಕೆದಾರರ ಕಣ್ಣಿಗೆ ಬಿಡಬೇಕು, ಆದರೆ ಯಾವುದು ಯಾವ ವ್ಯವಸ್ಥೆ ಎಂದು ಅವರಿಗೆ ಹೇಳಬಾರದು. ದೂರದರ್ಶನ ಚಿತ್ರದ ಗುಣಮಟ್ಟವನ್ನು ಜನರಿಂದ ಅಳೆಯಿಸುವ ಬಿಟಿ.500 ಎಂಬ ಅಂತಾರಾಷ್ಟ್ರೀಯ ಶಿಫಾರಸು ಕನಿಷ್ಠ 15 ವೀಕ್ಷಕರಿರಬೇಕು, ಅವರ ದೃಷ್ಟಿ ಮತ್ತು ಬಣ್ಣಗುರುತಿಸುವ ಶಕ್ತಿಯನ್ನು ಮೊದಲೇ ಪರೀಕ್ಷಿಸಬೇಕು, ಒಂದು ಅವಧಿ ಅರ್ಧ ಗಂಟೆಯನ್ನು ಮೀರಬಾರದು ಎನ್ನುತ್ತದೆ. ನಮಗೆ ಅಷ್ಟು ಶಾಸ್ತ್ರೀಯತೆ ಬೇಕಿಲ್ಲ. ಆದರೂ ಐದಾರು ಮಂದಿಯನ್ನು ಕೂರಿಸಿ, ಅನುಕ್ರಮವನ್ನು ಅದಲುಬದಲು ಮಾಡಿ, ಐದು ಅಂಕಗಳಿಗೆ ಬರೆಸಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ಹೆಸರು ಮರೆಯಾದಾಗ ಪೂರ್ವಗ್ರಹವೂ ಮರೆಯಾಗುತ್ತದೆ.

9. ಖರೀದಿಗೂ ವಿಲೇವಾರಿಗೂ ಸಂಬಂಧಿಸಿದ ಮಾತು

ಈ ಕ್ರಮದಿಂದ ಸಾಮಾನ್ಯವಾಗಿ ಸಿಗುವ ಉತ್ತರವನ್ನು ಸಂಗ್ರಹವಾಗಿ ಹೇಳುತ್ತೇನೆ. ಎಚ್.264ರ ಸಾಮಾನ್ಯ ಎಚ್‌ಡಿ ಪಾಠಗಳಿಗೆ, ಚಾಲಕಗಳು ಸರಿಯಿದ್ದರೆ, ಮೂರು ವ್ಯವಸ್ಥೆಗಳಲ್ಲಿ ನಮ್ಮ ಉದ್ದೇಶಕ್ಕೆ ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ಮ್ಯಾಕ್‌ನಲ್ಲಿ ಯಂತ್ರವೂ ತಂತ್ರಾಂಶವೂ ಒಬ್ಬರದೇ ಆದುದರಿಂದ ಹೊಂದಿಸುವ ಕೆಲಸ ಕಡಿಮೆ; ಬೆಲೆ ಹೆಚ್ಚು. ವಿಂಡೋಸಿನಲ್ಲಿ ಚಾಲಕಗಳು ಸುಲಭವಾಗಿ ದೊರೆಯುತ್ತವೆ. ಲಿನಕ್ಸಿನಲ್ಲಿ ಮೊದಲ ದಿನ ಹೊಂದಿಸುವ ಕೆಲಸ ಹೆಚ್ಚು. ಅನಂತರದ ವೆಚ್ಚ ಕಡಿಮೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ವ್ಯವಸ್ಥೆ ಅನೇಕ ವರ್ಷಗಳಿಂದ ಬಳಕೆಯಲ್ಲಿದೆ. ಭಾರತ ಸರ್ಕಾರವೂ 2015ರಲ್ಲಿ ಮುಕ್ತ ಆಕರ ತಂತ್ರಾಂಶದ ಅಳವಡಿಕೆಯ ನೀತಿಯನ್ನು ಪ್ರಕಟಿಸಿದೆ.

ಆದುದರಿಂದ ಯಂತ್ರವೊಂದನ್ನು "ವಿಡಿಯೋ ಸರಿಯಾಗಿ ಬರುವುದಿಲ್ಲ" ಎಂಬ ಕಾರಣ ನಮೂದಿಸಿ ವಿಲೇವಾರಿಗೆ ಪ್ರಸ್ತಾಪಿಸುವ ಮೊದಲು, ಯಾವ ಅಡಕ ವಿಧಾನದ ಯಾವ ಕಡತ, ಯಾವ ಪ್ಲೇಯರಿನ ಯಾವ ಆವೃತ್ತಿ, ಎಷ್ಟು ಚಿತ್ರಗಳು ಕಳೆದುಹೋದವು ಎಂಬ ನಾಲ್ಕು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಕಡತಕ್ಕೆ ಸೇರಿಸುವುದು ಉಚಿತ. ನಿಜವಾಗಿಯೂ ವಿಲೇವಾರಿಯೇ ಆಗಬೇಕಾದರೆ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರವೇ ಆಗಬೇಕು. ಹೊಸ ಖರೀದಿಯ ನಿರ್ದಿಷ್ಟತೆಯಲ್ಲಿ "ವಿಡಿಯೋಗೆ ಉತ್ತಮ" ಎಂಬ ಅಸ್ಪಷ್ಟ ಮಾತಿನ ಬದಲು, ಎಚ್.264, ಹತ್ತು ಬಿಟ್‌ಗಳ ಎಚ್.265, ವಿಪಿ9 ಮತ್ತು ಎವಿ1ಗಳನ್ನು ಯಂತ್ರಾಂಶದಲ್ಲಿ ಬಿಚ್ಚುವ ಸಾಮರ್ಥ್ಯ ಇರಬೇಕು, ಪರದೆಯು 50 ಮತ್ತು 60 ಹರ್ಟ್ಸ್ ಎರಡನ್ನೂ ಒಪ್ಪಬೇಕು ಎಂದು ಬರೆಯಬಹುದು. ಯಾವುದೇ ಕಂಪನಿಯ ಹೆಸರಿಲ್ಲದೆ, ಪರೀಕ್ಷಿಸಿ ನೋಡಬಹುದಾದ ಮಾತುಗಳಲ್ಲಿ ಬೇಡಿಕೆಯನ್ನು ಹೇಳುವುದು ಪಾರದರ್ಶಕ ಖರೀದಿಯ ಆಶಯಕ್ಕೂ ಒಪ್ಪುತ್ತದೆ.

ಮಿತ್ರರೇ, ಒಂದು ಯಂತ್ರ ಇನ್ನೂ ಮೂರು ನಾಲ್ಕು ವರ್ಷ ಬಾಳಿದರೆ, ಉಳಿದ ಹಣದಲ್ಲಿ ಅದೇ ಅರಿವು ಕೇಂದ್ರಕ್ಕೆ ಪುಸ್ತಕಗಳನ್ನು, ಒಳ್ಳೆಯ ಸ್ಪೀಕರನ್ನು, ಕುಳಿತು ನೋಡಲು ನಾಲ್ಕು ಕುರ್ಚಿಗಳನ್ನು ತರಬಹುದು. ಕೆಟ್ಟದ್ದೆಂಬ ಮಾತನ್ನು ನಂಬಿ ಒಳ್ಳೆಯ ಯಂತ್ರವನ್ನು ಮೂಲೆಗೆ ಸೇರಿಸುವುದೂ ನಷ್ಟ. ಒಳ್ಳೆಯದೆಂಬ ಮಾತನ್ನು ನಂಬಿ ತಡವರಿಸುವ ಯಂತ್ರದ ಮುಂದೆ ವಿದ್ಯಾರ್ಥಿಯನ್ನು ಕೂರಿಸುವುದೂ ಅನ್ಯಾಯ. ಮಧ್ಯಾಹ್ನದ ಅವಧಿಯಲ್ಲಿ ತಾಲ್ಲೂಕುವಾರು ತಂಡಗಳಾಗಿ ಈ ಪರೀಕ್ಷೆಯನ್ನು ಇಲ್ಲಿರುವ ಯಂತ್ರಗಳ ಮೇಲೆಯೇ ಮಾಡೋಣ. ತಮ್ಮ ತಮ್ಮ ಪಂಚಾಯತಿಗಳಿಗೆ ಮರಳಿದ ಮೇಲೆ ಕನಿಷ್ಠ ಒಂದು ಯಂತ್ರವನ್ನಾದರೂ ಈ ಕ್ರಮದಲ್ಲಿ ಪರಿಶೀಲಿಸಿ, ಕಂಡ ಫಲಿತಾಂಶವನ್ನು ತಾಲ್ಲೂಕು ಪಂಚಾಯತಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.